ಮಂಗ್ಳೂರ್ ಸೀಗಡಿ, ಕಾರವಾರದ ಸೀಗಡಿ: ಎರಡೂ ಒಂದೇ ವಂಶನಾ?

(ಮೊರದಲ್ಲಿ ಒಣ ಸೀಗಡಿ, ಕ್ಯಾಮೆರಾ ಹತ್ರದಿಂದ)

ನಮಸ್ಕಾರ ಎಲ್ರಿಗೂ. ಇದು ಮಂಡ್ಯ ಸಂತೇಲಿ ತಂದಿದ್ದು. ನಮ್ಮವ್ವ ಇದನ್ನ ಬೆಚ್ಚಗೆ ಹುರ್ದು, ತಲೆ ಮೀಸೆ ಉದುರೋ ಹಂಗೆ ಉಜ್ಜಿ, ಮೊರದಲ್ಲಿ ಕೇರಿ, ಬದನೆಕಾಯಿ ಹಾಕಿ ಸಾರು ಮಾಡ್ತಾರೆ. ಎಲ್ಲಿಂದ ಬಂತು ಅಂದ್ರೆ ಮಾರೋರು 'ಮಂಗ್ಳೂರ್ ಕಡೇದು' ಅಂತಾರೆ, ಅಷ್ಟೇ.

ಆದ್ರೆ ಮಂಗಳೂರಲ್ಲಿ ಹಿಡಿಯೋದು, ಕಾರವಾರದಲ್ಲಿ ಹಿಡಿಯೋದು, ಜಾತಿ ಒಂದೇ ಆದ್ರೂ ವಂಶ ಒಂದೇನಾ? ಬೇರೆ ಬೇರೆ ಆಗಿದ್ರೆ ಒಂದು ಕಡೆ ಬಳಿದು ಹಿಡಿದ್ಮೇಲೆ ಇನ್ನೊಂದು ಕಡೆಯಿಂದ ಬಂದು ತುಂಬಲ್ಲ. ಗುರುತು ಅಂಟಿಸಿ ನೋಡೋಣ ಅಂದ್ರೆ ಸೀಗಡಿ ಚಿಪ್ಪು ಕಳಚ್ತಾನೇ ಬೆಳೆಯುತ್ತೆ, ಗುರುತೂ ಜೊತೇಲೇ ಹೋಗುತ್ತೆ, ಮರಿಗಳಂತೂ ವಾರಗಟ್ಟಲೆ ನೀರಿನ ಸೆಳವಲ್ಲಿ ತೇಲ್ತಾ ಇರ್ತವೆ. ಅದಕ್ಕೇ ಡಿಎನ್‌ಎ ಒಳಗೇ ಗುರುತು ಹುಡುಕ್ತಾರೆ.

(ಸ್ಕ್ರೀನ್ ಮೇಲೆ: ಸಿಎ ಸಿಎ ಸಿಎ ಸಿಎ)

ಸಿ, ಎ ಅಂದ್ರೆ ಡಿಎನ್‌ಎ ಅಕ್ಷರಗಳು. ಹಿಂಗೆ ಚಿಕ್ಕ ತುಂಡು ಮತ್ತೆ ಮತ್ತೆ ಬರೋ ಜಾಗಕ್ಕೆ ಮೈಕ್ರೋಸ್ಯಾಟಲೈಟ್ ಅಂತಾರೆ. ಅಪ್ಪನಿಂದ ಬಂದಿದ್ದು 12 ಸಲ ಇರ್ಬೋದು, ಅವ್ವನಿಂದ ಬಂದಿದ್ದು 15 ಸಲ. ಅಕ್ಕಪಕ್ಕದ ಡಿಎನ್‌ಎಗೆ ಅಂಟೋ ಪ್ರೈಮರ್ ಅನ್ನೋ ಪುಟ್ಟ ಡಿಎನ್‌ಎ ತುಂಡು ಮಾಡ್ಕೊಂಡು, ಪಿಸಿಆರ್ ಅನ್ನೋ ಕಾಪಿ ಮಾಡೋ ವಿಧಾನದಲ್ಲಿ ಆ ಜಾಗನ ಲಕ್ಷಗಟ್ಟಲೆ ಕಾಪಿ ಮಾಡಿ, ಉದ್ದ ಅಳೀತಾರೆ.

ಸೀಗಡೀಲಿ ಇದು ನಿಜಕ್ಕೂ ಕಷ್ಟದ ಕೆಲ್ಸ. 2019ರಲ್ಲಿ ವನಾಮಿ ಅನ್ನೋ ಸಾಕೋ ಸೀಗಡಿಯ ಜೀನೋಮ್, ಅಂದ್ರೆ ಪೂರ್ತಿ ಡಿಎನ್‌ಎ, ಪ್ರಕಟ ಆದಾಗ ಅದ್ರಲ್ಲಿ 23 ಪರ್ಸೆಂಟಿಗಿಂತ ಜಾಸ್ತಿ ಬರೀ ಇಂಥ ರಿಪೀಟೇ ಇತ್ತು! ಜಾಸ್ತಿ ಇದ್ರೆ ಒಳ್ಳೇದಲ್ವಾ ಅನ್ಸುತ್ತೆ, ಇಲ್ಲ, ಪ್ರೈಮರ್ ಅಂಟೋಕೆ ಬೇರೆಲ್ಲೂ ಇಲ್ದೇ ಇರೋ ಜಾಗ ಬೇಕು, ರಿಪೀಟ್ ತೀರಾ ಉದ್ದ ಇದ್ರೆ ಕಾಪಿ ಮಾಡುವಾಗ ಲೆಕ್ಕ ತಪ್ಪುತ್ತೆ.

ಇನ್ನೊಂದು ತೊಂದ್ರೆ ನಲ್ ಅಲೀಲ್, ಅಂದ್ರೆ ಇದ್ರೂ ಟೆಸ್ಟಲ್ಲಿ ಕಾಣದೇ ಇರೋ ಕಾಪಿ. ಪ್ರೈಮರ್ ಅಂಟೋ ಜಾಗದಲ್ಲೇ ಒಂದಕ್ಷರ ಬದಲಾಗಿದ್ರೆ ಅವ್ವನ ಕಾಪಿ ಬರೋದೇ ಇಲ್ಲ, ಅಪ್ಪಂದು ಮಾತ್ರ ಕಾಣುತ್ತೆ. ಮನೇಲಿ ಇಬ್ರಿದ್ರೂ ರೇಷನ್ ಕಾರ್ಡಲ್ಲಿ ಒಬ್ರ ಹೆಸರು ಬಿಟ್ಟೋದಂಗೆ. ಇದನ್ನ ಗಮನಿಸ್ದೇ ಇದ್ರೆ ಹತ್ತಿರದ ಸಂಬಂಧಿಗಳ ನಡುವೆನೇ ಮರಿ ಹುಟ್ಟೋದು ಜಾಸ್ತಿ ಆಗಿದೆ ಅಂತ ತಪ್ಪು ತೀರ್ಮಾನಕ್ಕೆ ಬರ್ತೀವಿ. ಹಂಗಾಗಿ ಎಷ್ಟೋ ಮಾರ್ಕರ್, ಅಂದ್ರೆ ಇಂಥ ಗುರುತಿನ ಜಾಗ, ಆರಿಸ್ಕೊಂಡು, ಟೆಸ್ಟ್ ಮಾಡಿ, ಕೊನೆಗೆ ಕೆಲವನ್ನ ಮಾತ್ರ ಇಟ್ಕೋತಾರೆ.

ಆಮೇಲೆ ಒಂದೊಂದು ಬಂದರಿಂದ ಹತ್ತಾರು ಸೀಗಡಿ ತಂದು, ಯಾವ ಉದ್ದ ಎಲ್ಲಿ ಎಷ್ಟು ಜನಕ್ಕಿದೆ, ಅಂದ್ರೆ ಎಷ್ಟು ಸೀಗಡಿಗಿದೆ, ಅಂತ ಹೋಲಿಸ್ತಾರೆ. ವ್ಯತ್ಯಾಸ ಸಿಕ್ರೆ ಬೆರಕೆ ಕಮ್ಮಿ ಅಂತ. ಸಿಗ್ಲಿಲ್ಲ ಅಂದ್ರೆ ಮಾತ್ರ ಆತುರ ಬೇಡ, ಒಂದು ತಲೆಮಾರಿಗೆ ನಾಲ್ಕೈದು ಸೀಗಡಿ ಆಚೆಈಚೆ ಆದ್ರೂ ವ್ಯತ್ಯಾಸ ಅಳಿಸೋಗುತ್ತೆ, ಖಾಲಿಯಾದ ಕಡಲು ತುಂಬೋಕೆ ಅಷ್ಟು ಸಾಲಲ್ಲ.

ಈಗ ನಮ್ಮ ಕರಾವಳೀಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ರಜೆ, ಎಲ್ಲಾ ಬಂದರಿಗೂ ಒಂದೇ. ವಂಶ ಬೇರೆ ಬೇರೆ ಅಂತ ಗೊತ್ತಾದ್ರೆ ಒಂದೊಂದು ಕಡೆಗೂ ಅದರದ್ದೇ ಲೆಕ್ಕ ಇಡ್ಬೇಕಾಗುತ್ತೆ.

ಈ ಮೊರದಲ್ಲಿರೋದನ್ನೇ ಟೆಸ್ಟ್ ಮಾಡ್ಬೋದಲ್ವಾ ಅಂದ್ರೆ, ಬಿಸಿಲಲ್ಲಿ ಒಣಗಿರೋದ್ರಲ್ಲಿ ಡಿಎನ್‌ಎ ಚೂರುಚೂರಾಗಿರುತ್ತೆ. ಅದಕ್ಕೇ ದೋಣಿ ದಡಕ್ಕೆ ಬಂದ ತಕ್ಷಣ ಒಂದು ಕಾಲು ಮುರ್ದು ಎಥನಾಲ್ ಇರೋ ಪುಟ್ಟ ಬಾಟ್ಲಿಗೆ ಹಾಕಿ, ಬಂದರಿನ ಹೆಸ್ರು, ತಾರೀಖು ಪೆನ್ಸಿಲಲ್ಲೇ ಬರೀತಾರೆ, ಪೆನ್ನಲ್ಲಿ ಬರೆದ್ರೆ ಎಥನಾಲ್ ತಾಗಿ ಅಳಿಸೋಗುತ್ತೆ.