ಚಳ್ಳಕೆರೆಯಿಂದ ರೈಲ್ ಭವನಕ್ಕೆ

ಕೇಳುಗರಿಗೆ ನಮಸ್ಕಾರ.

ನಮ್ಮಪ್ಪ ತಿಪಟೂರಿನ ಒಂದು ಕೊಬ್ಬರಿ ಮಂಡಿಯಲ್ಲಿ ಗುಮಾಸ್ತರಾಗಿದ್ದರು. ನಮ್ಮ ಕಡೆಯ ಕೊಬ್ಬರಿಗೆ ಉತ್ತರದ ಊರುಗಳಲ್ಲಿ ಮೊದಲಿನಿಂದಲೂ ಒಳ್ಳೆ ಗಿರಾಕಿ. ಆದರೆ ಆಗ ತಿಪಟೂರಿನ ಮೇಲೆ ಹೋಗುತ್ತಿದ್ದದ್ದು ಮೀಟರ್ ಗೇಜ್ ರೈಲು. ಹಳಿಗೂ ಹಳಿಗೂ ನಡುವೆ ಒಂದೇ ಮೀಟರ್ ಅಂತರ. ದೇಶದ ದೊಡ್ಡ ದಾರಿಗಳೆಲ್ಲ ಬ್ರಾಡ್ ಗೇಜ್, ಅಂದರೆ 1,676 ಮಿಲಿಮೀಟರ್. ಸಣ್ಣ ಹಳಿಯ ವ್ಯಾಗನ್ ದೊಡ್ಡ ಹಳಿಗೆ ಹತ್ತುವುದಿಲ್ಲ ಅಲ್ವಾ? ಎರಡೂ ಸೇರುವ ನಿಲ್ದಾಣದಲ್ಲಿ ಹಮಾಲರು ಒಂದೊಂದೇ ಮೂಟೆ ಇಳಿಸಿ, ಪಕ್ಕದ ವ್ಯಾಗನ್ನಿಗೆ ಹೊತ್ತು ಹಾಕಬೇಕು. ಕಬ್ಬಿಣದ ಕೊಕ್ಕೆ ಚುಚ್ಚಿ ಎಳೆಯುವಾಗ ಗೋಣಿ ಹರಿಯುತ್ತಿತ್ತು. ಇಷ್ಟು ಮೂಟೆ ಹರಿದಿದೆ, ಇಷ್ಟು ತೂಕ ಕಡಿಮೆ ಎಂದು ಮಂಡಿಗೆ ಕಾಗದ ಬರುತ್ತಿತ್ತು. ಅಪ್ಪ ಆ ಕಾಗದ ಬಿಚ್ಚುವಾಗಿನ ಮುಖ ನನಗೆ ಇನ್ನೂ ನೆನಪಿದೆ.

ಈ ಕಷ್ಟವನ್ನು ತಪ್ಪಿಸಿದ ಒಬ್ಬರ ಬಗ್ಗೆ ಇವತ್ತು ಮಾತಾಡುತ್ತೇನೆ. ಅವರು ಸಿ.ಕೆ. ಜಾಫರ್ ಷರೀಫ್. ಸಿ ಎಂದರೆ ಚಳ್ಳಕೆರೆ. ಚಿತ್ರದುರ್ಗ ಜಿಲ್ಲೆಯ ಆ ಬಿಸಿಲೂರಿನಲ್ಲಿ 1933ರ ನವೆಂಬರ್ 3ರಂದು ಅವರು ಹುಟ್ಟಿದರು.

ಅವರನ್ನು ರಾಜಕೀಯದಲ್ಲಿ ಬೆಳೆಸಿದವರು ಎಸ್. ನಿಜಲಿಂಗಪ್ಪನವರು. ಅದೇ ಜಿಲ್ಲೆಯ ಹಿರಿಯರು, ಮುಖ್ಯಮಂತ್ರಿಯಾಗಿದ್ದವರು. ನಿಜಲಿಂಗಪ್ಪನವರ ನೆರಳಿನಲ್ಲೇ ಷರೀಫ್ ಪಕ್ಷದ ಕೆಲಸ ಕಲಿತರು. 1969ರಲ್ಲಿ ಕಾಂಗ್ರೆಸ್ ಒಡೆಯಿತು. ನಿಜಲಿಂಗಪ್ಪ ಆಗ ಪಕ್ಷದ ಅಧ್ಯಕ್ಷರು, ಎದುರಿಗೆ ಇಂದಿರಾ ಗಾಂಧಿ. ಷರೀಫ್ ಇಂದಿರಾ ಕಡೆ ನಿಂತರು. ಕೈಹಿಡಿದು ನಡೆಸಿದವರನ್ನು ಬಿಟ್ಟು ಹೋಗುವುದು ಸುಮ್ನೆ ಮಾತಲ್ಲ. ಅದನ್ನು ತಪ್ಪು ಎಂದವರೂ ಇದ್ದರು. ನನಗೆ ಅನ್ನಿಸುವುದು ಬೇರೆ. ಇನ್ನೂ ನಲವತ್ತೂ ದಾಟದ ಒಬ್ಬ ಕಾರ್ಯಕರ್ತ ತನ್ನ ದಾರಿ ತಾನೇ ಆರಿಸಿಕೊಂಡ ಘಳಿಗೆ ಅದು.

1971ರಲ್ಲಿ ಕನಕಪುರದಿಂದ ಲೋಕಸಭೆಗೆ ಗೆದ್ದರು. ಆ ಸಲ ನಮ್ಮ ರಾಜ್ಯದ 27 ಸ್ಥಾನಗಳೂ ಇಂದಿರಾ ಕಾಂಗ್ರೆಸ್ಸಿಗೇ ಹೋದವು. 1977ರಿಂದ ಅವರ ಕ್ಷೇತ್ರ ಬೆಂಗಳೂರು ಉತ್ತರ. ಅಲ್ಲಿ ಸಾಲಾಗಿ ಐದು ಸಲ ಗೆದ್ದರು. 1996ರಲ್ಲಿ ಆ ಸ್ಥಾನ ಕೈತಪ್ಪಿತು, 1998 ಮತ್ತು 1999ರಲ್ಲಿ ಮತ್ತೆ ಬಂದರು. ಒಟ್ಟು ಎಂಟು ಸಲ.

1980ರಲ್ಲಿ ರೈಲ್ವೆ ರಾಜ್ಯ ಸಚಿವರಾದರು. ಯಲಹಂಕದ ಗಾಲಿ ಮತ್ತು ಅಚ್ಚು ಕಾರ್ಖಾನೆ ಗೊತ್ತಲ್ಲ? ಅದನ್ನು ಇಂದಿರಾ ಗಾಂಧಿ ಉದ್ಘಾಟಿಸಿದ್ದು 1984ರಲ್ಲಿ, ಷರೀಫ್ ಆ ಖಾತೆಯಲ್ಲಿದ್ದ ಕಾಲದಲ್ಲೇ.

ದೊಡ್ಡ ಅವಕಾಶ ಬಂದದ್ದು 1991ರ ಜೂನ್‌ನಲ್ಲಿ. ಪಿ.ವಿ. ನರಸಿಂಹರಾವ್ ಅವರ ಸರ್ಕಾರದಲ್ಲಿ ಷರೀಫ್ ರೈಲ್ವೆ ಮಂತ್ರಿ. ದೇಶದ ಬೊಕ್ಕಸ ಬರಿದಾಗಿದ್ದ ಹೊತ್ತು ಅದು. ಅಂಥ ಹೊತ್ತಲ್ಲಿ ಅವರು ದೇಶದ ಹಳಿಗಳನ್ನೆಲ್ಲ ಒಂದೇ ಅಳತೆಗೆ ತರೋಣ ಎಂದರು. 1992ರಲ್ಲಿ ಯೂನಿಗೇಜ್ ಯೋಜನೆ ಶುರುವಾಯಿತು. ಇದಕ್ಕೆ ವಿರೋಧ ಜಾಸ್ತಿಯೇ ಇತ್ತು. ಇರುವ ದುಡ್ಡಲ್ಲಿ ಓಡಾಟ ಜಾಸ್ತಿ ಇರುವ ದಾರಿಗಳನ್ನು ಜೋಡಿ ಮಾಡಿ, ವಿದ್ಯುತ್ ಎಳೆಯಿರಿ, ಹಳ್ಳಿಗಾಡಿನ ಸಣ್ಣ ಹಳಿಗೆ ಯಾಕೆ ಸುರಿಯುತ್ತೀರಿ ಎಂದು ತಿಳಿದವರೇ ಕೇಳಿದರು. ಲೆಕ್ಕದ ಪ್ರಕಾರ ಆ ಮಾತಿನಲ್ಲೂ ಹುರುಳಿತ್ತು. ಆದರೆ ಸಣ್ಣ ಹಳಿ ಇದ್ದದ್ದೇ ಹಿಂದುಳಿದ ಊರುಗಳಲ್ಲಿ. ಅಲ್ಲಿ ಓಡಾಟ ಕಡಿಮೆ ಇದ್ದುದಕ್ಕೆ ಆ ಹಳಿಯೂ ಒಂದು ಕಾರಣ. ಷರೀಫ್ ಪಟ್ಟು ಬಿಡಲಿಲ್ಲ.

ನಮ್ಮೂರಲ್ಲಿ ಆ ಕೆಲಸ ನಡೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಳಿಯ ಕೆಳಗೆ ಅಡ್ಡಲಾಗಿ ಹಾಕಿದ್ದ ಹಳೆಯ ಸ್ಲೀಪರುಗಳನ್ನು ಕಿತ್ತು ದಾರಿಯ ಪಕ್ಕ ಒಟ್ಟಿದ್ದರು. ಹೊಸದಾಗಿ ಬಂದ ಕಾಂಕ್ರೀಟ್ ಸ್ಲೀಪರುಗಳು ಬೆಳ್ಳಗೆ ಹೊಳೆಯುತ್ತಿದ್ದವು. ಗ್ಯಾಂಗ್‌ಮನ್‌ಗಳು ಅಳತೆಪಟ್ಟಿ ಇಟ್ಟು, ಬಗ್ಗಿ ನೋಡಿ, ಹಾರೆಯಿಂದ ಹಳಿಯನ್ನು ಒಂದಿಷ್ಟೇ ಸರಿಸುತ್ತಿದ್ದರು. ಶಾಲೆ ಬಿಟ್ಟ ಮಕ್ಕಳೆಲ್ಲ ಜಲ್ಲಿ ಗುಡ್ಡೆಯ ಮೇಲೆ ಕೂತು ನೋಡಿದ್ದೇ ನೋಡಿದ್ದು. 1990ರ ದಶಕದ ಮಧ್ಯದ ಹೊತ್ತಿಗೆ ಬೆಂಗಳೂರಿಂದ ಅರಸೀಕೆರೆ, ಬೀರೂರು, ಹುಬ್ಬಳ್ಳಿವರೆಗೆ ದೊಡ್ಡ ಹಳಿ ಬಂತು. ಮೈಸೂರಿಗೂ ಬಂತು. ಬೆಂಗಳೂರು–ದೆಹಲಿ ರಾಜಧಾನಿ ಎಕ್ಸ್‌ಪ್ರೆಸ್ ಹೊರಟದ್ದೂ ಅವರ ಕಾಲದಲ್ಲೇ, 1992ರಲ್ಲಿ. ಸ್ವಿಟ್ಜರ್ಲೆಂಡಿನಿಂದ 6,000 ಅಶ್ವಶಕ್ತಿಯ ವಿದ್ಯುತ್ ಎಂಜಿನ್ ತರಿಸುವ, ಅದರ ತಂತ್ರಜ್ಞಾನ ಕಲಿತು ಚಿತ್ತರಂಜನ್‌ನಲ್ಲಿ ನಾವೇ ತಯಾರಿಸುವ ಒಪ್ಪಂದವೂ ಆಗಲೇ ಆಯಿತು.

ಎಲ್ಲ ಕಡೆ ಕೆಲಸ ಹೀಗೆ ಸುಸೂತ್ರವಾಗಲಿಲ್ಲ. ಅವರು ಮಂತ್ರಿಗಿರಿ ಬಿಟ್ಟದ್ದು 1995ರ ಅಕ್ಟೋಬರ್‌ನಲ್ಲಿ. ಮರುವರ್ಷ ಗೇಜ್ ಬದಲಾವಣೆಗೆ ಎಂದು ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟದ ದಾರಿ ಮುಚ್ಚಿತು. ಅಲ್ಲಿ ಮತ್ತೆ ಪ್ರಯಾಣಿಕರ ರೈಲು ಓಡಿದ್ದು 2007ರ ಡಿಸೆಂಬರ್‌ನಲ್ಲಿ. ಹನ್ನೊಂದು ವರ್ಷ ಮಂಗಳೂರಿನವರು ಬೆಂಗಳೂರಿಗೆ ರಾತ್ರಿ ಬಸ್ಸಲ್ಲಿ ಕುಲುಕಾಡಿಕೊಂಡು ಬಂದರು. ಅವರ ಸಿಟ್ಟು ನ್ಯಾಯವಾದದ್ದು.

ಕೊನೆಯ ವರ್ಷಗಳು ಸುಲಭವಾಗಿರಲಿಲ್ಲ. 2004ರಲ್ಲಿ ಪೊಲೀಸ್ ಅಧಿಕಾರಿಯಾಗಿದ್ದ ಎಚ್.ಟಿ. ಸಾಂಗ್ಲಿಯಾನ ಎದುರು ಸೋತರು, 2009ರಲ್ಲಿ ಡಿ.ಬಿ. ಚಂದ್ರೇಗೌಡರ ಎದುರು. 2016ರಲ್ಲಿ ಹೆಬ್ಬಾಳದ ಉಪಚುನಾವಣೆಗೆ ಮೊಮ್ಮಗ ನಿಂತರು, ಗೆಲ್ಲಲಿಲ್ಲ. ಇಷ್ಟು ದೂರ ತಾವೇ ನಡೆದು ಬಂದವರು ಟಿಕೆಟ್ ವಿಷಯದಲ್ಲಿ ಮನೆಯವರತ್ತ ನೋಡಬಾರದಿತ್ತು ಎಂದು ನನಗೆ ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. ಗೌರವ ಇರುವುದರಿಂದಲೇ ಈ ಮಾತು ಹೇಳುತ್ತಿದ್ದೇನೆ.

2018ರ ನವೆಂಬರ್. ಶುಕ್ರವಾರದ ನಮಾಜಿಗೆ ಹೊರಟು ಕಾರು ಹತ್ತುವಾಗ ಕುಸಿದರು. ಭಾನುವಾರ, 25ನೇ ತಾರೀಕು, ತೀರಿಕೊಂಡರು. ವಯಸ್ಸು 85.

ಮರುದಿನ ಅಪ್ಪನಿಗೆ ಪೇಪರ್ ಓದಿ ಹೇಳಿದೆ. ಅವರಿಗೆ ಕಣ್ಣು ಮಂಜಾಗಿತ್ತು. ಪೂರ್ತಿ ಕೇಳಿಸಿಕೊಂಡು, ಸ್ವಲ್ಪ ಹೊತ್ತು ಸುಮ್ಮನಿದ್ದು, "ಚಳ್ಳಕೆರೆಗೆ ಕರ್ಕೊಂಡು ಹೋದ್ರಾ?" ಎಂದು ಕೇಳಿದರು.

"ಇಲ್ಲಪ್ಪ, ಬೆಂಗಳೂರಲ್ಲೇ," ಎಂದೆ.

ನಮಸ್ಕಾರ.