ಕಾಂಚಳಿ ಬಟ್ಟೆಯೂ ಹೌದು, ಒಡವೆಯೂ ಹೌದು

ಅಧ್ಯಕ್ಷರೇ, ಸಂಡೂರು ಸೀಮೆಯ ತಾಂಡಾಗಳಿಂದ ಬಂದಿರುವ ತಾಯಂದಿರೇ, ಬಳ್ಳಾರಿಯ ಸಹೃದಯರೇ,

ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಮಾನ್ಯತೆ (ಜಿಐ ಟ್ಯಾಗ್) ದೊರೆತದ್ದನ್ನೂ, 2023ರ ಜುಲೈಯಲ್ಲಿ ಹಂಪಿಯ ಜಿ-20 ಸಭೆಯ ವೇಳೆ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಮಹಿಳೆಯರು ರೂಪಿಸಿದ 1,755 ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿದ್ದನ್ನೂ ಈ ಸಭೆಗೆ ನಾನು ಮತ್ತೆ ಹೇಳಬೇಕಾಗಿಲ್ಲ. ನನ್ನ ತಕರಾರು ಬೇರೆ. ಹೊಲಿಗೆಯನ್ನೂ ಒಡವೆಯನ್ನೂ ಒಂದೇ ಕೈಯಿಂದ ಮಾಡುವ ಲಂಬಾಣಿ ಕಲಾವಿದೆಯ ಕೆಲಸವನ್ನು ನಾವು ಎರಡಾಗಿ ಸೀಳಿ ನೋಡುತ್ತೇವೆ; ಸೀಳಿದಾಗಲೆಲ್ಲ ಅದರ ಬೆಲೆ ಅರ್ಧಕ್ಕಿಳಿಯುತ್ತದೆ.

ಒಂದು ಪ್ರಸಂಗ ಹೇಳುತ್ತೇನೆ. ಕರಕುಶಲ ಸ್ಪರ್ಧೆಯೊಂದಕ್ಕೆ ಇಲ್ಲಿ ಬಂದಿರುವ ತಾಯಂದಿರಲ್ಲಿ ಒಬ್ಬರು ತಾವೇ ಹೊಲಿದ ಕಾಂಚಳಿಯನ್ನು, ಅಂದರೆ ಲಂಬಾಣಿ ಹೆಂಗಸರ ಕಸೂತಿಯ ಕುಪ್ಪಸವನ್ನು, ಒಯ್ದಿದ್ದರು. ಜವಳಿ ವಿಭಾಗದ ಮೇಜಿನವರು ಅದರ ನಾಣ್ಯಗಳನ್ನೂ ಕವಡೆಗಳನ್ನೂ ಕಂಡು ಆಭರಣದ ಮೇಜಿಗೆ ಕಳಿಸಿದರು. ಆಭರಣದವರು ದಾರವನ್ನೂ ಕನ್ನಡಿಯನ್ನೂ ಕಂಡು, ಇದರಲ್ಲಿ ಚಿನ್ನವೆಲ್ಲಿದೆ, ಬೆಳ್ಳಿಯೆಲ್ಲಿದೆ ಎಂದು ಕೇಳಿ ಜವಳಿಯ ಮೇಜಿಗೇ ಮರಳಿಸಿದರು. ಹೀಗೆ ಅತ್ತಿಂದಿತ್ತ ಅಲೆಯುವಷ್ಟರಲ್ಲಿ ಎರಡೂ ಮೇಜಿನವರು ಊಟಕ್ಕೆ ಎದ್ದರು. ನಮ್ಮಲ್ಲಿ ಕಲೆ ಕಾಯಬಹುದು, ಊಟ ಕಾಯುವುದಿಲ್ಲವಷ್ಟೆ. ಊಟವಾದ ಮೇಲೆ ಒಬ್ಬರು ಬಹಳ ಸೌಜನ್ಯದಿಂದಲೇ, ನಾಣ್ಯಗಳನ್ನು ಬಿಡಿಸಿ ಬೇರೆಯಾಗಿ ತಂದರೆ ಎರಡೂ ಕಡೆ ಅರ್ಜಿ ತೆಗೆದುಕೊಳ್ಳಬಹುದು ಎಂದು ಉಪಾಯ ಸೂಚಿಸಿದರು. ಆಗ ಈ ತಾಯಿ, “ಮೊದಲು ನಿಮ್ಮ ಅಂಗಿಯ ಗುಂಡಿಗಳನ್ನೆಲ್ಲ ಕಿತ್ತು ಆ ಮೇಜಿನ ಮೇಲಿಡಿ ಸಾಹೇಬರೇ, ಆಮೇಲೆ ನನ್ನದನ್ನು ಬಿಡಿಸೋಣ” ಎಂದರಂತೆ. ಬಹುಮಾನ ಬರಲಿಲ್ಲವೆಂದು ಬೇರೆ ಹೇಳಬೇಕೆ?

ಈ ನಗುವಿನ ಹಿಂದಿನ ಕೆಲಸವನ್ನು ದಯವಿಟ್ಟು ಹತ್ತಿರದಿಂದ ನೋಡಿ. ಕನ್ನಡಿಯ ಚೂರಿಗೆ ತೂತು ಕೊರೆಯುವಂತಿಲ್ಲ. ಅದರ ಮೇಲೆ ಮೊದಲು ಅಡ್ಡಲಾಗಿ, ಉದ್ದಲಾಗಿ ಎಳೆಗಳನ್ನು ಹಾಯಿಸಿ ಚೌಕಟ್ಟು ಕಟ್ಟಿ, ಬಳಿಕ ಅಂಚಿನ ಸುತ್ತ ಹೊಲಿಗೆ ಹಾಕುತ್ತ ಆ ಎಳೆಗಳನ್ನು ಹೊರಕ್ಕೆ ಜಗ್ಗಿ ಬಿಗಿಯುತ್ತಾರೆ. ಕವಡೆಯ ಉಬ್ಬಿದ ಬೆನ್ನನ್ನು ತೆಗೆದರೆ ಮಾತ್ರ ಅದು ಬಟ್ಟೆಯ ಮೇಲೆ ಸಮನಾಗಿ ಕೂರುತ್ತದೆ, ಸೂಜಿಗೂ ದಾರಿಯಾಗುತ್ತದೆ. ಹರಳು ಕೂರಿಸುವ ಅಕ್ಕಸಾಲಿಗನ ಚಾತುರ್ಯಕ್ಕೆ ಇದು ಯಾವುದರಲ್ಲಿ ಕಡಿಮೆ? ಕಿಲನ್, ವೇಲೆ, ನಕ್ರಾ ಎಂದು ಹೊಲಿಗೆಗಳ ಹೆಸರನ್ನು ಪಟ್ಟಿ ಮಾಡುವ ನಾವು, ಆ ಹೊಲಿಗೆ ಹಿಡಿದಿಟ್ಟುಕೊಂಡಿರುವ ವಸ್ತುವನ್ನು ಮರೆಯುತ್ತೇವೆ.

ನಾಣ್ಯಗಳ ವಿಷಯವಂತೂ ಇನ್ನೂ ಸೊಗಸು. 1943ರಿಂದ 1947ರವರೆಗೆ ಬ್ರಿಟಿಷ್ ಸರ್ಕಾರ ಟಂಕಿಸಿದ ನಡುವೆ ತೂತಿದ್ದ ಕಾಸು, ಹೊಲಿಯುವವರಿಗೆಂದೇ ಮಾಡಿದಂತಿತ್ತು. ಅಲೆಯಂಚಿನ ಹತ್ತು ಪೈಸೆ ಹಗುರವಾದ್ದರಿಂದ ಕುಚ್ಚಿನ ತುದಿಗೆ ಹೇಳಿ ಮಾಡಿಸಿದ ಹಾಗಿತ್ತು. 25 ಪೈಸೆ ಹಾಗೂ ಅದಕ್ಕಿಂತ ಕಡಿಮೆ ಮೌಲ್ಯದ ನಾಣ್ಯಗಳ ಚಲಾವಣೆ 2011ರ ಜೂನ್ 30ಕ್ಕೆ ಕೊನೆಗೊಂಡಿತು. ಸಂತೆಯಲ್ಲಿ ಬೆಲೆ ಕಳೆದುಕೊಂಡ ಆ ನಾಣ್ಯಗಳು ಕಾಂಚಳಿಯ ಮೇಲೆ ಇವತ್ತಿಗೂ ಬೆಲೆ ಉಳಿಸಿಕೊಂಡಿವೆ. ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ಊರೂರು ತಿರುಗಿದ ಲಂಬಾಣಿ ಜನಕ್ಕೆ ಮೈಮೇಲೆ ಹೊಲಿದುಕೊಂಡದ್ದೇ ಭಂಡಾರವಾಗಿತ್ತು. ಅಂಥವರ ಮೊಮ್ಮಗಳನ್ನು ಬಟ್ಟೆ ಯಾವುದು, ಒಡವೆ ಯಾವುದು ಎಂದು ಕೇಳುವುದೇ ಅಸಂಗತ.

ಅಧ್ಯಕ್ಷರು ಗಡಿಯಾರ ನೋಡಿದ್ದನ್ನು ನಾನೂ ನೋಡಿದೆ. ಯಂತ್ರದ ಕಸೂತಿಯ ಬಗ್ಗೆ, ದಂತದ ಬಳೆಗಳ ಜಾಗಕ್ಕೆ ಪ್ಲಾಸ್ಟಿಕ್ ಬಂದ ಬಗ್ಗೆ ಬರೆದುಕೊಂಡು ಬಂದಿದ್ದ ಹಾಳೆಗಳನ್ನು ಮಡಚಿಡುತ್ತೇನೆ. ನಮ್ಮ ಬಳ್ಳಾರಿಯ ಜೀನ್ಸ್ ಉದ್ಯಮದವರು ಈ ಹೊಲಿಗೆಯನ್ನು ಬಳಸಿಕೊಳ್ಳಬೇಕೆಂಬ ಸಲಹೆಗೆ ನನ್ನ ವಿರೋಧವಿಲ್ಲ. ಆದರೆ ತುಂಡಿಗಿಷ್ಟು ಎಂದು ಕೂಲಿ ಕಟ್ಟುವಾಗ ಕವಡೆ ಕೂರಿಸಿದ ಸಮಯಕ್ಕೂ ಲೆಕ್ಕವಿರಬೇಕು.

ಕೊನೆಯದಾಗಿ, ಭೌಗೋಳಿಕ ಮಾನ್ಯತೆ ಕಾಯುವುದು ಕಸುಬಿನ ಮತ್ತು ಊರಿನ ಹೆಸರನ್ನು. ಮಾಡಿದವಳ ಹೆಸರು ಅಧಿಕೃತ ಬಳಕೆದಾರರ, ಅಂದರೆ ಆ ಮಾನ್ಯತೆಯ ಹೆಸರನ್ನು ಬಳಸುವ ಹಕ್ಕುಳ್ಳವರ, ಪಟ್ಟಿಗೆ ಸೇರಬೇಕಾದರೆ ಅವಳೇ ಪ್ರತ್ಯೇಕವಾಗಿ ಅರ್ಜಿ ಹಾಕಬೇಕು. ಇಲ್ಲಿ ವಕೀಲರಿದ್ದೀರಿ, ಕಾಲೇಜಿನ ಅಧ್ಯಾಪಕರಿದ್ದೀರಿ. ಹೊರಬಾಗಿಲ ಪಕ್ಕದ ಮೇಜಿನ ಬಳಿ ಈ ತಾಯಂದಿರು ಸಂಜೆಯವರೆಗೆ ಕುಳಿತಿರುತ್ತಾರೆ. ಆ ಅರ್ಜಿಯನ್ನು ತುಂಬಿಕೊಡಲು ನಿಮ್ಮಲ್ಲಿ ಯಾರಾದರೂ ಮುಂದೆ ಬರಬೇಕೆಂದು ಕೋರುತ್ತೇನೆ. ನಮಸ್ಕಾರ.