ಪೆಟ್ಟು ಎಲ್ಲಿದೆ? ಪರೀಕ್ಷೆಗೆ ಮುನ್ನ ಅಂಗರಚನಾ ಶಾಸ್ತ್ರದ ಮರುಓದು

ಮಂಡ್ಯದ ಈ ಸಭೆಯಲ್ಲಿ ಸೇರಿರುವ ಸಹೋದ್ಯೋಗಿಗಳಿಗೆ ಮತ್ತು ಎಂ.ಬಿ.ಬಿ.ಎಸ್. ಮೊದಲ ವರ್ಷದ ವಿದ್ಯಾರ್ಥಿಗಳಿಗೆ ನಮಸ್ಕಾರ.

ಪರೀಕ್ಷೆಗೆ ಒಂದು ತಿಂಗಳು ಉಳಿದಿದೆ ಎನ್ನುವಾಗ ನಮ್ಮ ವಿದ್ಯಾರ್ಥಿಗಳು ಸಾಮಾನ್ಯವಾಗಿ ಮಾಡುವ ಕೆಲಸವೊಂದಿದೆ. ಪುಸ್ತಕದ ಮೊದಲ ಪುಟ ತೆರೆದು, ಕೈಯಿಂದ ಆರಂಭಿಸಿ, ಕಾಲು, ಎದೆ, ಹೊಟ್ಟೆ ಮುಗಿಸಿ, ತಲೆ ಮತ್ತು ಕತ್ತಿಗೆ ಬರುವ ಹೊತ್ತಿಗೆ ದಣಿದು, ಮಿದುಳು ಮತ್ತು ಬೆನ್ನುಹುರಿಯ ಭಾಗವನ್ನು ಕೊನೆಯ ಎರಡು ರಾತ್ರಿಗಳಿಗೆ ಉಳಿಸಿಕೊಳ್ಳುತ್ತಾರೆ. ತರಗತಿಯಲ್ಲಿ ಯಾವ ಕ್ರಮದಲ್ಲಿ ಪಾಠ ನಡೆಯಿತೋ ಅದೇ ಕ್ರಮದಲ್ಲಿ ಮತ್ತೆ ಓದುವುದು ಸಹಜವೆಂದು ತೋರುತ್ತದೆ. ಆದರೆ ಪುಸ್ತಕ ನರದ ಹುಟ್ಟಿನಿಂದ ಹೊರಟು, ಅದು ಸಾಗುವ ದಾರಿಯನ್ನು ಹೇಳಿ, ಕೊನೆಗೆ ಅದು ಕೆಟ್ಟರೆ ಏನಾಗುತ್ತದೆ ಎಂಬಲ್ಲಿಗೆ ಬರುತ್ತದೆ. ರೋಗಿ ಬರುವುದು ಆ ಕೊನೆಯ ಸಾಲಿನಿಂದ. ಈಗಿನ ಪ್ರಶ್ನೆಪತ್ರಿಕೆಗಳಲ್ಲಿ ರೋಗಿಯ ಲಕ್ಷಣಗಳನ್ನು ಕೊಟ್ಟು ಕೇಳುವ ಪ್ರಶ್ನೆಗಳೂ ಅಲ್ಲಿಂದಲೇ ಹೊರಡುತ್ತವೆ. ಆದ್ದರಿಂದ ಮರುಓದು ಹಿಮ್ಮುಖವಾಗಿ ನಡೆಯಬೇಕು, ಲಕ್ಷಣದಿಂದ ಜಾಗಕ್ಕೆ ಹೋಗಬೇಕು ಎಂಬುದೇ ನಾನು ಇಂದು ಹೇಳಬೇಕೆಂದಿರುವ ಮಾತು.

ನಾನು ಹೌಸ್ ಸರ್ಜನ್ ಆಗಿದ್ದಾಗ ಒಂದು ಬೆಳಗ್ಗೆ ಐವತ್ತು ದಾಟಿದ ತಾಯಿಯೊಬ್ಬರನ್ನು ಮಗ ಕರೆದುಕೊಂಡು ಬಂದರು. ಬಾಯಿ ಎಡಕ್ಕೆ ಎಳೆದಿತ್ತು. "ನಮ್ಮವ್ವಂಗೆ ಲಕ್ವ ಹೊಡ್ದದೆ ಸಾ" ಎಂದರು. ನಾನು ಚೀಟಿಯ ಮೇಲೆ ಪಾರ್ಶ್ವವಾಯು ಎಂದೇ ಬರೆಯತೊಡಗಿದೆ. ಪಕ್ಕದಲ್ಲಿದ್ದ ಹಿರಿಯ ವೈದ್ಯರು ನನ್ನನ್ನು ತಡೆದು, ಆಕೆಯ ಮುಂದೆ ಸ್ಟೂಲ್ ಎಳೆದುಕೊಂಡು ಕೂತು, "ಅವ್ವಾ, ವಸಿ ಹುಬ್ಬು ಮೇಲೆತ್ತಿ" ಎಂದರು. ಹಣೆಯ ಎಡಭಾಗದಲ್ಲಿ ನಾಲ್ಕೈದು ಗೆರೆಗಳು ಮೂಡಿದವು, ಬಲಭಾಗ ಇಸ್ತ್ರಿ ಹಾಕಿದ ಬಟ್ಟೆಯಂತೆ ಸಪಾಟಾಗಿಯೇ ಉಳಿಯಿತು. ಕಣ್ಣು ಮುಚ್ಚಿ ಎಂದಾಗ ಬಲಗಣ್ಣಿನ ರೆಪ್ಪೆ ಪೂರ್ತಿ ಕೂಡಲಿಲ್ಲ, ಗುಡ್ಡೆ ಮೇಲಕ್ಕೆ ಹೊರಳಿ ಬಿಳಿ ಮಾತ್ರ ಕಂಡಿತು. ಕೈಕಾಲಿನ ಬಲದಲ್ಲಿ ಏನೂ ಕೊರತೆಯಿರಲಿಲ್ಲ. ಹಣೆಯ ಸ್ನಾಯುಗಳನ್ನು ನಡೆಸುವ ನರಕೋಶಗಳಿಗೆ ಮಿದುಳಿನ ಎರಡೂ ಬದಿಯಿಂದ ಆಜ್ಞೆ ಬರುತ್ತದೆ, ಆದ್ದರಿಂದ ಮಿದುಳಿನ ಒಂದು ಬದಿಯಲ್ಲಿ ಪೆಟ್ಟಾದರೆ, ಅಂದರೆ ಹಾನಿಯಾದರೆ, ಹಣೆ ಉಳಿದು ಮುಖದ ಕೆಳಭಾಗ ಮಾತ್ರ ಸೋಲುತ್ತದೆ. ಹಣೆಯೂ ಸೋತಿದ್ದರೆ ಸಾಮಾನ್ಯವಾಗಿ ಪೆಟ್ಟು ಮುಖದ ಸ್ನಾಯುಗಳನ್ನು ನಡೆಸುವ ಫೇಶಿಯಲ್ ನರದಲ್ಲೇ ಇದೆ. ಇದನ್ನು ನಾನು ಪರೀಕ್ಷೆಯಲ್ಲಿ ಚಿತ್ರಸಹಿತ ಬರೆದಿದ್ದೆ. ಆದರೆ ಆ ತಾಯಿಯ ಮುಖದ ಮುಂದೆ ನಿಂತಾಗ ಅದು ನೆನಪಿಗೆ ಬರಲಿಲ್ಲ, ಏಕೆಂದರೆ ನಾನು ಅದನ್ನು ನರದ ಹೆಸರಿನ ಕೆಳಗೆ ಓದಿದ್ದೆನೇ ಹೊರತು ಹಣೆಯ ಗೆರೆಯ ಕೆಳಗೆ ಓದಿರಲಿಲ್ಲ.

ನಮ್ಮ ಜಿಲ್ಲೆಯದೇ ಇನ್ನೊಂದು ನಿದರ್ಶನ ನೋಡೋಣ. ಗದ್ದೆಯಲ್ಲಿ ದಿನವಿಡೀ ಕುಕ್ಕರಗಾಲಿನಲ್ಲಿ ಕೂತು ಕಳೆ ಕೀಳುವವರಿಗೆ ಕೆಲವೊಮ್ಮೆ ಪಾದದ ಮುಂಭಾಗ ಎತ್ತಲಾಗದೆ, ನಡೆಯುವಾಗ ಚಪ್ಪಲಿ ನೆಲಕ್ಕೆ ಬಡಿಯುತ್ತದೆ. ದಯವಿಟ್ಟು ಈಗಲೇ ನಿಮ್ಮ ಮಂಡಿಯ ಹೊರಬದಿಗೆ ಕೈ ಹಾಕಿ ನೋಡಿ. ಅಲ್ಲಿ ಗುಂಡಗೆ ಸಿಗುವುದು ಫಿಬ್ಯುಲಾ ಮೂಳೆಯ ತಲೆ, ಅದರ ಕೆಳಗಿರುವುದು ಕತ್ತು. ಆ ಕತ್ತನ್ನು ಸುತ್ತಿಕೊಂಡು ಕಾಮನ್ ಪೆರೋನಿಯಲ್ ನರ ಚರ್ಮದ ಕೆಳಗೇ ಹಾಯುವುದರಿಂದ, ಮೂಳೆಗೂ ಒತ್ತಡಕ್ಕೂ ನಡುವೆ ಸಿಕ್ಕಿಬೀಳುತ್ತದೆ. ಆದರೆ ಸೊಂಟದ ಡಿಸ್ಕ್ ಜಾರಿ ಎಲ್5 (ಸೊಂಟದ ಐದನೆಯ) ನರದ ಬೇರು ಒತ್ತಿದರೂ ಪಾದ ಹೀಗೆಯೇ ಜೋತುಬೀಳುತ್ತದೆ. ಎರಡನ್ನು ಬೇರ್ಪಡಿಸುವ ಬಗೆ ಹೇಗೆ? ಪಾದದ ಅಂಗಾಲನ್ನು ಒಳಕ್ಕೆ ತಿರುಗಿಸಲು ಹೇಳಬೇಕು. ಆ ಕೆಲಸ ಮಾಡುವ ಟಿಬಿಯಾಲಿಸ್ ಪೋಸ್ಟೀರಿಯರ್ ಸ್ನಾಯುವಿಗೆ ಎಲ್5ರ ಎಳೆಗಳು ಟಿಬಿಯಲ್ ನರದ ಮೂಲಕ ಬರುತ್ತವೆ, ಪೆರೋನಿಯಲ್ ನರದ ಮೂಲಕ ಅಲ್ಲ. ಆದ್ದರಿಂದ ಒಳತಿರುವು ಉಳಿದಿದ್ದರೆ ಪೆಟ್ಟು ಮಂಡಿಯ ಬಳಿ, ಅದೂ ಸೋತಿದ್ದರೆ ಸೊಂಟದ ಬಳಿ ಎಂದು ಯೋಚಿಸಬಹುದು. ಈ ಒಂದು ಪ್ರಶ್ನೆಯನ್ನು ಬಿಡಿಸುವಷ್ಟರಲ್ಲಿ ಕಾಲಿನ ಮೂಳೆ, ಎರಡು ನರ, ಸ್ನಾಯುಗಳ ವಿಂಗಡಣೆ, ನರಬೇರು ಎಲ್ಲವೂ ಒಟ್ಟಿಗೆ ಮರುಓದಾಗಿರುತ್ತವೆ. ಇಂಥ ಹತ್ತು ಹನ್ನೆರಡು ಪ್ರಶ್ನೆಗಳನ್ನು ನೀವೇ ಕಟ್ಟಿಕೊಂಡರೆ ಕೈಕಾಲಿನ ಮರುಓದು ಬಹುಮಟ್ಟಿಗೆ ಮುಗಿಯುತ್ತದೆ.

ಇನ್ನು ಎಲ್ಲರೂ ಅಂಜುವ ಮಿದುಳು ಮತ್ತು ಬೆನ್ನುಹುರಿಯ ಭಾಗಕ್ಕೆ ಬರುತ್ತೇನೆ. ಇದನ್ನು ಕೊನೆಗೆ ಇಡಬೇಡಿ, ಮೊದಲ ವಾರದಲ್ಲೇ ಕೈಗೆತ್ತಿಕೊಳ್ಳಿ. ಒಂದು ಬಿಳಿ ಹಾಳೆ ತೆಗೆದುಕೊಂಡು ಮೇಲಿನಿಂದ ಕೆಳಕ್ಕೆ ಮಿದುಳಿನ ಮೇಲ್ಪದರ, ಇಂಟರ್ನಲ್ ಕ್ಯಾಪ್ಸೂಲ್ (ಒಳಗಿನ ನರದ ಎಳೆಗಳ ಕಟ್ಟು), ಮಿದುಳುಕಾಂಡದ ಮೂರು ಭಾಗಗಳಾದ ಮಿಡ್‌ಬ್ರೈನ್, ಪಾನ್ಸ್, ಮೆಡುಲ್ಲಾ, ಆಮೇಲೆ ಬೆನ್ನುಹುರಿ ಎಂದು ಅಡ್ಡಪಟ್ಟಿಗಳನ್ನು ಎಳೆದು, ನಡುವೆ ಒಂದು ಲಂಬ ಗೆರೆ ಹಾಕಿ. ಚಲನೆಯ ಆಜ್ಞೆ ಒಯ್ಯುವ ಕಾರ್ಟಿಕೋಸ್ಪೈನಲ್ ದಾರಿಗೆ ಕೆಂಪು ಪೆನ್ಸಿಲ್ ಬಳಸಿ. ಅದರಲ್ಲಿ ನೂರಕ್ಕೆ ಸುಮಾರು 85ರಿಂದ 90ರಷ್ಟು ಎಳೆಗಳು ಮೆಡುಲ್ಲಾದ ಕೆಳತುದಿಯಲ್ಲಿ ನಡುಗೆರೆಯನ್ನು ದಾಟುತ್ತವೆ. ಕಂಪನ ಮತ್ತು ಕೀಲಿನ ಸ್ಥಿತಿಯ ಅರಿವನ್ನು ಒಯ್ಯುವ ಡಾರ್ಸಲ್ ಕಾಲಮ್ ದಾರಿಗೆ ನೀಲಿ. ಅದೂ ಮೆಡುಲ್ಲಾದಲ್ಲೇ ದಾಟುತ್ತದೆ. ನೋವು ಮತ್ತು ಬಿಸಿ-ತಂಪಿನ ಅರಿವಿನ ಸ್ಪೈನೋಥಲಾಮಿಕ್ ದಾರಿಗೆ ಹಸಿರು. ಅದು ಮಾತ್ರ ಬೆನ್ನುಹುರಿಯನ್ನು ಹೊಕ್ಕ ಒಂದೆರಡು ಖಂಡಗಳೊಳಗೇ ದಾಟಿಬಿಡುತ್ತದೆ. ಈಗ ಎದೆಯ ಹತ್ತನೆಯ ಖಂಡದಲ್ಲಿ ಬೆನ್ನುಹುರಿಯ ಬಲ ಅರ್ಧವನ್ನು ಕತ್ತರಿಸಿದಂತೆ ಗೆರೆ ಎಳೆಯಿರಿ. ಬಲಗಾಲಿನ ಬಲ ಮತ್ತು ಕಂಪನದ ಅರಿವು ಹೋಗುತ್ತದೆ, ಎಡಗಾಲಿನ ನೋವಿನ ಅರಿವು ಹೋಗುತ್ತದೆ. ಈ ಲಕ್ಷಣಗಳ ಗುಂಪಿಗಿರುವ ಬ್ರೌನ್-ಸೆಕಾರ್ಡ್ ಸಿಂಡ್ರೋಮ್ ಎಂಬ ಹೆಸರನ್ನು ಬಾಯಿಪಾಠ ಮಾಡದಿದ್ದರೂ ಹಾಳೆಯೇ ಉತ್ತರ ಹೇಳುತ್ತದೆ.

ಇದೇ ಹಾಳೆಯ ಮೇಲೆ ಒಂದು ಹಳೆಯ ರೋಗಿಯನ್ನು ಇರಿಸಿ ನೋಡಿ. 1895ರಲ್ಲಿ ಜರ್ಮನ್ ವೈದ್ಯ ಅಡೋಲ್ಫ್ ವಾಲೆನ್‌ಬರ್ಗ್ ಒಬ್ಬ ರೋಗಿಯ ಲಕ್ಷಣಗಳನ್ನು ವಿವರಿಸಿದರು. ಈಗ ಅವರ ಹೆಸರಿನಿಂದಲೇ ಕರೆಯುವ ಆ ಸಿಂಡ್ರೋಮ್‌ನಲ್ಲಿ ತಲೆಸುತ್ತು, ನುಂಗಲು ಕಷ್ಟ, ದನಿ ಒಡಕು, ಪೆಟ್ಟಾದ ಬದಿಯ ಮುಖದಲ್ಲಿ ನೋವಿನ ಅರಿವು ಕಡಿಮೆ, ದೇಹದಲ್ಲಿ ಮಾತ್ರ ಎದುರು ಬದಿಯಲ್ಲಿ ಅರಿವು ಕಡಿಮೆ. ಮೊದಲ ನೋಟಕ್ಕೆ ಇವು ಒಂದಕ್ಕೊಂದು ಹೊಂದುವುದೇ ಇಲ್ಲ. ಆದರೆ ದೇಹದ ಹಸಿರು ಗೆರೆ ಕೆಳಗೇ ದಾಟಿ ಬಂದಿದೆ, ಮುಖದ ನೋವನ್ನು ತರುವ ಟ್ರೈಜೆಮಿನಲ್ ನರದ ಎಳೆಗಳು ಇನ್ನೂ ದಾಟಿಲ್ಲ, ಎರಡೂ ಅಕ್ಕಪಕ್ಕ ಇರುವುದು ಮೆಡುಲ್ಲಾದ ಹೊರಬದಿಯಲ್ಲಿ. ನುಂಗುವ ಮತ್ತು ದನಿಯ ಸ್ನಾಯುಗಳನ್ನು ನಡೆಸುವ ನರಕೋಶಗಳ ಗುಂಪಾದ ನ್ಯೂಕ್ಲಿಯಸ್ ಆಂಬಿಗ್ಯೂಅಸ್ ಅಲ್ಲಿಯೇ ಇದೆ. ಕೆಂಪು ಗೆರೆ ಮೆಡುಲ್ಲಾದ ಮುಂಭಾಗದಲ್ಲಿ, ನಡುಗೆರೆಗೆ ಅಂಟಿಕೊಂಡಿರುವುದರಿಂದ ಕೈಕಾಲಿನ ಬಲ ಉಳಿಯುತ್ತದೆ. ವಾಲೆನ್‌ಬರ್ಗ್ ಬರೀ ಲಕ್ಷಣಗಳಿಂದ ಜಾಗವನ್ನೂ, ಅಲ್ಲಿಗೆ ರಕ್ತ ಒಯ್ಯುವ ಹಿಂಭಾಗದ ಕೆಳ ಸೆರೆಬೆಲ್ಲಾರ್ ಅಪಧಮನಿಯನ್ನೂ ಗುರುತಿಸಿದರು. ರೋಗಿ ತೀರಿಕೊಂಡ ಮೇಲೆ ನಡೆದ ಶವಪರೀಕ್ಷೆಯ ವಿವರವನ್ನು 1901ರಲ್ಲಿ ಪ್ರಕಟಿಸಿದಾಗ ಅವರ ತರ್ಕ ಸರಿಯೆಂದು ಸಿದ್ಧವಾಯಿತು. ಸ್ಕ್ಯಾನ್ ಇಲ್ಲದ ಕಾಲದಲ್ಲಿ ನಡೆದ ಈ ಕೆಲಸವನ್ನು ನೆನೆದಾಗಲೆಲ್ಲ ನನಗೆ ಈ ಶಾಸ್ತ್ರದ ಮೇಲಿನ ಗೌರವ ಹೆಚ್ಚುತ್ತದೆ.

ಹಾಳೆಯ ವಿಷಯದಲ್ಲಿ ಒಂದು ಕಟ್ಟುನಿಟ್ಟು ಇರಲಿ. ಪುಸ್ತಕ ಮುಚ್ಚಿ ಬರೆಯಬೇಕು, ಆಮೇಲೆ ತೆರೆದು ತಿದ್ದಬೇಕು. ನೋಡಿ ಬರೆದ ಚಿತ್ರ ಅಂದವಾಗಿರುತ್ತದೆ, ಆದರೆ ನೆನಪಿನಲ್ಲಿ ನಿಲ್ಲುವುದು ತಪ್ಪಿ ತಿದ್ದಿಕೊಂಡ ಚಿತ್ರ. ಅದೇ ಚಿತ್ರವನ್ನು ಎರಡು ದಿನ ಬಿಟ್ಟು, ಮತ್ತೆ ವಾರ ಬಿಟ್ಟು ಬರೆಯಿರಿ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ನನ್ನದೊಂದು ವಿಶೇಷ ಮಾತು: ಉತ್ತರಪತ್ರಿಕೆಯನ್ನು ಇಂಗ್ಲಿಷಿನಲ್ಲಿ ಬರೆಯಬೇಕಾದರೂ, ದಾರಿಯನ್ನು ಕನ್ನಡದಲ್ಲಿ ಜೋರಾಗಿ ಹೇಳಿಕೊಳ್ಳಿ. ಊರಿಗೆ ಹೋದಾಗ ಅಜ್ಜಿಗೆ ಅರ್ಥವಾಗುವಂತೆ ಹೇಳಲು ಸಾಧ್ಯವಾಗದ ಜಾಗದಲ್ಲೇ ನಿಮ್ಮ ತಿಳಿವಳಿಕೆ ತೆಳುವಾಗಿದೆ ಎಂದು ತಿಳಿಯಿರಿ.

ಸ್ಪಾಟರ್ (ಮಾದರಿ ಗುರುತಿಸುವ ಪರೀಕ್ಷೆ) ಮತ್ತು ವೈವಾಗೆ (ಮೌಖಿಕ ಪರೀಕ್ಷೆಗೆ) ಬೋನ್ ಸೆಟ್ ಹಿಡಿದು ಕೂರುವುದು ಎಷ್ಟು ಮುಖ್ಯವೋ, ನಿಮ್ಮದೇ ದೇಹದ ಮೇಲೆ ಬೆರಳಿಡುವುದೂ ಅಷ್ಟೇ ಮುಖ್ಯ. ಸೊಂಟದ ಎರಡೂ ಬದಿಯ ಮೂಳೆಯಂಚಿನ ಮೇಲೆ ಕೈಯಿಟ್ಟು ಹಿಂದಕ್ಕೆ ಗೆರೆ ಕೂಡಿಸಿದರೆ ಅದು ನಾಲ್ಕನೆಯ ಲಂಬಾರ್ ಕಶೇರುವಿನ ಮಟ್ಟಕ್ಕೆ ಬರುತ್ತದೆ. ವಯಸ್ಕರಲ್ಲಿ ಬೆನ್ನುಹುರಿ ಸಾಮಾನ್ಯವಾಗಿ ಮೊದಲನೆಯ ಲಂಬಾರ್ ಕಶೇರುವಿನ ಕೆಳ ಅಂಚಿನ ಬಳಿ ಮುಗಿಯುವುದರಿಂದಲೇ ಅಲ್ಲಿ ಸೂಜಿ ಹಾಕಿ ಮಿದುಳುಬೆನ್ನಿನ ದ್ರವ ತೆಗೆಯುವುದು ಸುರಕ್ಷಿತ. ನವಜಾತ ಶಿಶುವಿನಲ್ಲಿ ಅದು ಮೂರನೆಯದರವರೆಗೆ ಇಳಿದಿರುತ್ತದೆ ಎಂಬುದನ್ನೂ ಅಲ್ಲಿಯೇ ಸೇರಿಸಿಕೊಳ್ಳಿ.

ಮುಗಿಸುವ ಮುನ್ನ ನಿಮ್ಮ ಬಣ್ಣದ ಹಾಳೆಗೊಂದು ಕೆಲಸ ಕೊಡುತ್ತೇನೆ. ಅರವತ್ತು ವರ್ಷದ ರೈತರೊಬ್ಬರಿಗೆ ಬೆಳಗ್ಗೆ ಎದ್ದಾಗ ಬಲಗಣ್ಣಿನ ರೆಪ್ಪೆ ಇಳಿಬಿದ್ದಿದೆ. ರೆಪ್ಪೆ ಎತ್ತಿ ನೋಡಿದರೆ ಗುಡ್ಡೆ ಹೊರಕ್ಕೂ ಕೆಳಕ್ಕೂ ತಿರುಗಿದೆ, ಪಾಪೆ ದೊಡ್ಡದಾಗಿದೆ. ಎಡಗೈ ಮತ್ತು ಎಡಗಾಲಿನಲ್ಲಿ ಬಲವಿಲ್ಲ, ಮುಖದ ಎಡ ಕೆಳಭಾಗವೂ ಸಡಿಲವಾಗಿದೆ. ಪೆಟ್ಟು ಯಾವ ಪಟ್ಟಿಯಲ್ಲಿದೆ, ಯಾವ ಬದಿಯಲ್ಲಿದೆ, ಮುಂಭಾಗದಲ್ಲೋ ಹಿಂಭಾಗದಲ್ಲೋ ಎಂಬುದನ್ನು ಪುಸ್ತಕ ತೆರೆಯದೆ ಗುರುತು ಹಾಕಿ, ನಾಳೆ ಡಿಸೆಕ್ಷನ್ ಹಾಲ್‌ಗೆ ಬರುವಾಗ ಹಾಳೆಯನ್ನು ತನ್ನಿ.